ಖಾಲಿ ಡಬ್ಬಿ ವಾಪಸ್ ಕೊಡಬಾರದು

ಕ್ಷಮಿಸಿಬಿಡು ಎಂದು ನನಗೆ ಹೇಳಿದವರು ಇಬ್ಬರು. ಒಬ್ಬರು ನನ್ನ ಅಮ್ಮ, ಇನ್ನೊಬ್ಬರು ನನ್ನ ಮೇಲೆ ತಪ್ಪು ಹೊರಿಸಿದ ಡಾಕ್ಟರೇ. ಇಬ್ಬರಿಗೂ ಆಗಲಿ ಎಂದೆ, ಇಬ್ಬರ ಮಾತನ್ನೂ ನಡೆಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುತ್ತ ಹೋದಂತೆ ಈ ಹೆಂಗಸು ಎಲ್ಲೋ ಒಂದು ಕಡೆ ಕರಗುತ್ತಾಳೆ ಎಂದು ಕಾಯುವವರಿಗೆ ಆಮೇಲೆ ನಿರಾಸೆಯಾಗಬಾರದು.

ನಾನು ಬಳ್ಳಾರಿ ಕಡೆಯವಳು. ಅದಿರಿನ ಲಾರಿಗಳು ಓಡಾಡಿ ಓಡಾಡಿ ನಮ್ಮಲ್ಲಿ ಒಣಗಲು ಹಾಕಿದ ಬಟ್ಟೆ, ಬೇವಿನ ಎಲೆ, ಬಸ್ ಸ್ಟ್ಯಾಂಡಿನ ಬೆಂಚು ಎಲ್ಲ ಕೆಂಪು. ಹಲ್ಲಿಗೆ ಸಿಗುವ ಧೂಳಿನಲ್ಲೂ ಕಬ್ಬಿಣ. ಅಂಥ ಊರಿನಲ್ಲಿ ಕೂತು ಅಮ್ಮನ ಮೈಯಲ್ಲಿ ಕಬ್ಬಿಣವೇ ಇಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಅಪ್ಪ ನಕ್ಕುಬಿಟ್ಟಿದ್ದರು. ಅಮ್ಮ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಯಾರೂ ನೋಡದಾಗ ಹಿತ್ತಿಲ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. ನಾನು ನೋಡಿದ್ದೆ. ಫಾರ್ಮಸಿ ಓದಿ ದಿಲ್ಲಿಗೆ ಬಂದು ಕೆಲಸ ಹುಡುಕುವಾಗ, ಫರೀದಾಬಾದಿನ ಒಂದು ಆಸ್ಪತ್ರೆಯಲ್ಲಿ ರಕ್ತಹೀನತೆಯ ಅಧ್ಯಯನಕ್ಕೆ ಕೋಆರ್ಡಿನೇಟರ್ ಬೇಕಾಗಿದ್ದಾರೆ ಎಂದು ಕಂಡಿತು. ಬೇರೆ ಮೂರು ಕಡೆ ಇದಕ್ಕಿಂತ ಒಳ್ಳೆಯ ಕೆಲಸಗಳಿದ್ದವು. ನಾನು ಇದನ್ನೇ ಹಿಡಿದೆ.

ಅಧ್ಯಯನ ಹೇಳಲು ಸರಳ. ಕಬ್ಬಿಣದ ಕೊರತೆ ಇರುವ ಹೆಂಗಸರನ್ನು ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ದಿನಕ್ಕೊಂದು ಮಾತ್ರೆ, ಇನ್ನೊಂದಕ್ಕೆ ಡ್ರಿಪ್ ಹಾಕಿ ನೇರವಾಗಿ ರಕ್ತಕ್ಕೇ ಕಬ್ಬಿಣ. ಯಾವುದರಿಂದ ರಕ್ತ ಚೆನ್ನಾಗಿ ಏರುತ್ತದೆ ಎಂದು ತಿಂಗಳುಗಟ್ಟಲೆ ನೋಡುವುದು. ಯಾರಿಗೆ ಯಾವುದು ಎಂಬುದು ಅಂಟಿಸಿದ ಲಕೋಟೆಯೊಳಗಿರುತ್ತಿತ್ತು. ಬರುತ್ತಿದ್ದವರೆಲ್ಲ ಸುತ್ತಲಿನ ಕಾರ್ಖಾನೆಗಳ ಹೆಂಗಸರು. ನಟ್ಟು ಬೋಲ್ಟು ಪ್ಯಾಕ್ ಮಾಡುವವರು, ರಬ್ಬರಿನ ಉಂಗುರ ಕತ್ತರಿಸುವವರು, ಹೊಲಿಗೆಯವರು. ಎಲ್ಲರಿಗೂ ಡ್ರಿಪ್ಪೇ ಬೇಕು. ‘ಬೋತಲ್ ಚಢಾ ದೋ ದೀದಿ’, ಬಾಟಲಿ ಏರಿಸಿಬಿಡಿ ಅಕ್ಕ, ಎಂದು ಕೈ ಹಿಡಿದುಕೊಳ್ಳುತ್ತಿದ್ದರು. ಲಕೋಟೆಯಲ್ಲಿ ಮಾತ್ರೆ ಬಂದವಳ ಮುಖ ಪರೀಕ್ಷೆಯಲ್ಲಿ ಫೇಲಾದವಳ ಮುಖದ ಹಾಗಾಗುತ್ತಿತ್ತು. ಆಮೇಲೆ ನಾನು ಕೂರಿಸಿಕೊಂಡು ಹೇಳಬೇಕು: ಚಹಾದ ಜೊತೆ ನುಂಗಬೇಡಿ, ನಿಂಬೆ ನೀರಿನ ಜೊತೆ ನುಂಗಿ, ಕಕ್ಕಸು ಕಪ್ಪಗಾಗುತ್ತದೆ, ಹೆದರಬೇಡಿ. ತಿಂಗಳ ಕೊನೆಗೆ ಡಬ್ಬಿ ತಪ್ಪದೆ ವಾಪಸ್ ತನ್ನಿ, ಉಳಿದದ್ದನ್ನು ಎಣಿಸಬೇಕು. ದಿನಕ್ಕೆ ಹತ್ತು ಸಲ ಅಪರಿಚಿತ ಹೆಂಗಸರ ಕಕ್ಕಸಿನ ಬಣ್ಣ ವಿಚಾರಿಸುವ ಕೆಲಸ ನನ್ನದು ಎಂದು ಅಮ್ಮನಿಗೆ ಹೇಳಿದ್ದಕ್ಕೆ, ಇದಕ್ಕೇನು ದಿಲ್ಲಿಗೇ ಹೋಗಬೇಕಿತ್ತೇ ಎಂದಿದ್ದಳು.

ಅಧ್ಯಯನದ ಮುಖ್ಯಸ್ಥರಾದ ಡಾಕ್ಟರು ಮೈಸೂರಿನವರು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಮಾತು. ನಾನು ಕನ್ನಡದವಳು ಎಂದು ಗೊತ್ತಾದ ದಿನವೇ ಇಡೀ ವಿಭಾಗಕ್ಕೆ ನನ್ನನ್ನು ‘ನಮ್ಮೂರ ಹುಡುಗಿ’ ಎಂದು ಪರಿಚಯಿಸಿದರು. ಮೈಸೂರಿಗೂ ಬಳ್ಳಾರಿಗೂ ಒಂದು ರಾತ್ರಿಯ ರೈಲಿನ ದೂರ. ಆದರೆ ಫರೀದಾಬಾದಿನಲ್ಲಿ ಕರ್ನಾಟಕವೆಲ್ಲ ಒಂದೇ ಊರು, ನನಗೂ ಅದು ಹಿತವಾಗಿಯೇ ಇತ್ತು. ಬೇರೆಯವರ ಜೊತೆ ಇಂಗ್ಲಿಷು, ಹಿಂದಿ. ನನ್ನ ಜೊತೆ ಕನ್ನಡ. ಹೊಗಳುವುದಿದ್ದರೂ ಕನ್ನಡ, ಬೈಯುವುದಿದ್ದರೂ ಕನ್ನಡ. ಎಲ್ಲರ ಎದುರೇ ನಗುನಗುತ್ತ ಬೈಯುತ್ತಿದ್ದರು, ಸುತ್ತಲಿನವರು ಏನೋ ಊರ ಸಮಾಚಾರ ಎಂದುಕೊಂಡು ತಾವೂ ನಗುತ್ತಿದ್ದರು.

ಮೊದಲ ಯುಗಾದಿಗೆ ಅವರ ಹೆಂಡತಿ ನನಗೆ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕಳಿಸಿದರು. ನಾವು ಹೋಳಿಗೆ ಅನ್ನುತ್ತೇವೆ ಎಂದು ಸರ್‌ಗೆ ಹೇಳಿದೆ, ತಿನ್ನುವುದಕ್ಕೆ ಹೆಸರು ಯಾಕಮ್ಮ ಎಂದರು. ನಾಲ್ಕು ಒಬ್ಬಟ್ಟು, ಮೇಲೆ ತುಪ್ಪ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ತಿಂದು ಅತ್ತಿದ್ದೆ. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಆಕೆಯ ಹೆಸರು ಕೊರೆಸಿತ್ತು, ಮದುವೆಯಲ್ಲಿ ಬಂದ ಪಾತ್ರೆಯಿರಬೇಕು. ತೊಳೆದು ಶೆಲ್ಫಿನ ಮೇಲಿಟ್ಟೆ. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಮ್ಮ ಶೇಂಗಾ ಉಂಡೆ ಮಾಡಿ ಕಳಿಸಿದಾಗ ತುಂಬಿ ಕೊಡೋಣ ಎಂದುಕೊಂಡೆ. ಉಂಡೆ ಬಂದ ದಿನ ನನಗೇ ಸಾಲಲಿಲ್ಲ, ಮುಂದಿನ ಸಲ ಎಂದುಕೊಂಡೆ. ಡಬ್ಬಿ ಹಾಗೇ ಉಳಿಯಿತು.

ಇನ್ನೊಬ್ಬರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಇಂಥ ಅಧ್ಯಯನಗಳ ಮೇಲೆ ಕಣ್ಣಿಡಲು ಎಥಿಕ್ಸ್ ಕಮಿಟಿ ಎಂದು ಇರುತ್ತದೆ. ಅದರಲ್ಲಿ ಡಾಕ್ಟರಲ್ಲದ ಹೊರಗಿನವರೂ ಇರಬೇಕು ಎಂಬುದು ನಿಯಮ. ನಮ್ಮ ಕಮಿಟಿಯಲ್ಲಿ ಹಾಗೆ ಇದ್ದವರು ದಿಲ್ಲಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮೇಡಂ. ತಲೆಯ ಮೇಲೆ ದುಪಟ್ಟಾ, ಸೊಗಸಾದ ಉರ್ದು ಬೆರೆತ ಹಿಂದಿ. ಈ ಮೇಡಂ ಲಕ್ನೋದವರು ಎಂದೇ ಸರ್ ತಿಳಿದಿದ್ದರು, ಯಾವತ್ತೂ ಕೇಳಿರಲಿಲ್ಲ. ಕಾಗದಗಳಿಗೆ ಸಹಿ ಹಾಕಿಸಲು ನಾನು ಅವರ ಮನೆಗೆ ಹೋಗುತ್ತಿದ್ದೆ. ಒಂದು ದಿನ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಫೋನಿನಲ್ಲಿ, ‘ಯಾಕವ್ವ, ಮೊಣಕಾಲು ಇನ್ನಾ ನೋಯಾಕತ್ತದೇನು’ ಎಂದು ಕೇಳಿಸಿತು. ನಿಂತಲ್ಲೇ ನಿಂತೆ. ಕಲಬುರಗಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಂತೆ, ಆ ಕಡೆ ಇದ್ದದ್ದು ಶಾಲೆಯ ಗೆಳತಿ. ಅಂದಿನಿಂದ ಸಹಿಗೆ ಹೋದಾಗಲೆಲ್ಲ ನನಗೆ ಅಲ್ಲಿ ಚಹಾ ಮತ್ತು ಅರ್ಧ ಗಂಟೆ ಕನ್ನಡ ಸಿಗುತ್ತಿತ್ತು. ಸರ್‌ಗೆ ನಾನು ಇದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದೊಂದು ನನ್ನದೇ ಆಗಿ ಇರಲಿ ಅನ್ನಿಸಿತ್ತು ಅಷ್ಟೇ.

ಎರಡನೇ ವರ್ಷ ನನಗೆ ಡಬ್ಬಿಗಳಲ್ಲಿ ಏನೋ ಎಡವಟ್ಟು ಕಾಣತೊಡಗಿತು. ನಾವು ಕೊಡುತ್ತಿದ್ದ ಮಾತ್ರೆ ಕಂದು ಬಣ್ಣದ್ದು. ವಾಪಸ್ ಬರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೀಲಿ ಮಾತ್ರೆಗಳು ಇರುತ್ತಿದ್ದವು, ಕೆಂಪು ಮಾತ್ರೆಗಳು ಇರುತ್ತಿದ್ದವು. ಒಂದರಲ್ಲಿ ಎರಡು ಏಲಕ್ಕಿ, ಇನ್ನೊಂದರಲ್ಲಿ ಕಲ್ಲುಸಕ್ಕರೆಯ ಚೂರು. ಬೋಲ್ಟು ಪ್ಯಾಕ್ ಮಾಡುವ ಒಬ್ಬಾಕೆ ತಂದ ಡಬ್ಬಿಯಲ್ಲಿ ಏಳು ನೀಲಿ ಮಾತ್ರೆ ಇದ್ದವು. ಆಕೆಯ ರಕ್ತ ಮಾತ್ರ ಚೆನ್ನಾಗಿ ಏರಿತ್ತು. ಕಕ್ಕಸಿನ ಬಣ್ಣ ಕೇಳಿದರೆ ತಿಂಗಳಿಡೀ ಕಪ್ಪು. ನುಂಗಿದ್ದಾಳೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಹಾಗಾದರೆ ಈ ಏಳು ಎಲ್ಲಿಯವು ಎಂದು ಕೇಳಿದೆ. ಸ್ವಲ್ಪ ಹೊತ್ತು ದುಪಟ್ಟಾದ ತುದಿ ತಿರುಚಿದಳು. ಮಗಳಿಗೆ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅವಳು ನುಂಗದೆ ಕಂಪಾಸ್ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದಳು, ಅವನ್ನೇ ಹಾಕಿ ತಂದೆ ಎಂದಳು.

“ಖಾಲಿ ಡಬ್ಬಾ ಕೈಸೇ ಲೌಟಾತೀ, ದೀದಿ?”

ಖಾಲಿ ಡಬ್ಬಿ ಹೇಗೆ ವಾಪಸ್ ಕೊಡಲಿ ಎಂದು ಕೇಳಿದ ಅವಳ ದನಿಯಲ್ಲಿ ನನಗೇ ಬುದ್ಧಿ ಹೇಳುವ ಧಾಟಿ ಇತ್ತು. ಒಬ್ಬರ ಡಬ್ಬಿ ನಮ್ಮ ಮನೆಗೆ ಬಂದರೆ ಬರಿದಾಗಿ ವಾಪಸ್ ಹೋಗಬಾರದು. ಒಳಗಿನದೆಲ್ಲ ಮುಗಿದಿದ್ದರೆ ನಮ್ಮದೇನಾದರೂ ಹಾಕಿ ಕಳಿಸಬೇಕು. ನಾವು ಡಬ್ಬಿ ತಪ್ಪದೆ ವಾಪಸ್ ತನ್ನಿ ಎಂದು ಒತ್ತಿ ಒತ್ತಿ ಹೇಳಿದ್ದೆವು, ಉಳಿದದ್ದನ್ನು ಎಣಿಸುತ್ತೇವೆ ಎಂದೂ ಹೇಳಿದ್ದೆವು. ಎಲ್ಲವನ್ನೂ ಸರಿಯಾಗಿ ನುಂಗಿದವಳೇ ಪೇಚಿಗೆ ಬಿದ್ದಳು. ಅರ್ಧಕ್ಕೆ ಬಿಟ್ಟವಳ ಡಬ್ಬಿಯಲ್ಲಿ ಹೇಗೂ ಏನಾದರೂ ಉಳಿದಿರುತ್ತಿತ್ತು. ನಾನು ಅವತ್ತು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಶೆಲ್ಫಿನ ಮೇಲೆ ಒಬ್ಬಟ್ಟಿನ ಡಬ್ಬಿ ಇಟ್ಟುಕೊಂಡು ಕೂತವಳಿಗೆ ಇದು ಹೊಳೆಯಲು ಒಂದು ವರ್ಷ ಹಿಡಿದಿತ್ತಲ್ಲ.

ಒಬ್ಬೊಬ್ಬರ ಎಣಿಕೆಯ ಹಾಳೆಯಲ್ಲೂ ಇದ್ದದ್ದನ್ನು ಇದ್ದಂತೆ ಬರೆದೆ. ವಾಪಸ್ ಬಂದದ್ದು ಏಳು, ಅದರಲ್ಲಿ ನಮ್ಮದು ಸೊನ್ನೆ. ಹಾಗೆ ಹತ್ತೊಂಬತ್ತು ಹಾಳೆ. ಖುಷಿಯಿಂದಲೇ ಸರ್ ಹತ್ತಿರ ಒಯ್ದೆ. ಸರ್ ಖುಷಿಪಡಲಿಲ್ಲ. ಅವರು ಅಷ್ಟರಲ್ಲೇ ಎರಡು ಮೂರು ಕಡೆ ಭಾಷಣ ಮಾಡಿ ಬಂದಿದ್ದರು. ನಮ್ಮ ಹೆಂಗಸರು ಮಾತ್ರೆ ನುಂಗುವುದಿಲ್ಲ, ನುಂಗಿದೆ ಎಂದು ಸುಳ್ಳು ಹೇಳುತ್ತಾರೆ, ಇವರಿಗೆ ಡ್ರಿಪ್ಪೊಂದೇ ದಾರಿ ಎಂಬುದು ಭಾಷಣದ ಸಾರ. ಡ್ರಿಪ್ ಕೆಟ್ಟದ್ದೆಂದು ನಾನೂ ಹೇಳುವುದಿಲ್ಲ. ಕೆಲವರಿಗೆ ಅದೇ ಬೇಕು, ಕೆಲವರ ಹೊಟ್ಟೆ ಮಾತ್ರೆಯನ್ನು ತಡೆಯುವುದೇ ಇಲ್ಲ. ಆದರೆ ಯಾವುದು ಮೇಲು ಎಂದು ತಿಳಿಯಲು ಅಧ್ಯಯನ ಹೂಡಿ, ಉತ್ತರವನ್ನು ಮೊದಲೇ ಸಾರಿಕೊಂಡು ಬಂದವರಿಗೆ ನನ್ನ ನೀಲಿ ಮಾತ್ರೆಗಳು ಗಂಟಲಲ್ಲಿ ಸಿಕ್ಕಿಕೊಂಡವು.

“ಈ ಬಣ್ಣದ ಕಥೆಯೆಲ್ಲ ಬೇಡಮ್ಮ,” ಎಂದರು. “ಎಷ್ಟು ಮಾತ್ರೆ ಬಂತೋ ಅಷ್ಟನ್ನೂ ಉಳಿದ ಮಾತ್ರೆ ಅಂತ ಬರಿ. ಮುಂದಿನ ವಾರ ಮಾನಿಟರ್ ಬರ್ತಾರೆ, ಹಾಳೆ ಕ್ಲೀನಾಗಿರಬೇಕು.”

ಬರೆದೆ. ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬರೆಯುವುದಿಲ್ಲ ಎನ್ನಬೇಕಿತ್ತು. ಆದರೆ ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ. ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಹಾಕಿ, ಯಾಕೆ ಬದಲಾಯಿಸಿದೆ ಎಂದು ಕಾರಣ ಕೊಡಬೇಕು. ಸೊನ್ನೆಯ ಮೇಲೆ ಗೆರೆ ಎಳೆದೆ, ಏಳು ಎಂದು ಬರೆದೆ. ಕಾರಣದ ಜಾಗಕ್ಕೆ ಬಂದಾಗ ಕೈ ನಿಂತಿತು. ಇಂಗ್ಲಿಷಿನಲ್ಲಿ ಬರೆಯುವಷ್ಟು ಧೈರ್ಯ ನನಗಿರಲಿಲ್ಲ, ಸುಳ್ಳು ಕಾರಣ ಬರೆಯಲು ಮನಸ್ಸು ಒಪ್ಪಲಿಲ್ಲ. ಅವರು ಕನ್ನಡದಲ್ಲಿ ಹೇಳಿದ್ದರು, ನಾನೂ ಕನ್ನಡದಲ್ಲೇ ಬರೆದೆ. ‘ಇವು ನಮ್ಮ ಮಾತ್ರೆ ಅಲ್ಲ. ಸರ್ ಎಣಿಸು ಅಂದರು, ಎಣಿಸಿದೆ.’ ಹತ್ತೊಂಬತ್ತು ಹಾಳೆಯ ಮೇಲೂ ಇದೇ ಎರಡು ಸಾಲು. ಅವರು ಓದುತ್ತಾರೆ, ಓದಿ ಬೈಯುತ್ತಾರೆ, ಬೈದರೆ ಆಗಲಾದರೂ ಮಾತಾಡಬಹುದು ಎಂದು ಲೆಕ್ಕ ಹಾಕಿದ್ದೆ. ಅವರು ಶುಕ್ರವಾರ ಮಧ್ಯಾಹ್ನ ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಇಡೀ ಕಟ್ಟಿಗೆ ಸಹಿ ಹಾಕಿ ತಳ್ಳಿದರು. ನನ್ನ ಎರಡು ಸಾಲಿನ ಕೆಳಗೇ ಅವರ ಸಹಿ ಬಿತ್ತು.

ಮಾನಿಟರ್ ಎಂದರೆ ಅಧ್ಯಯನಕ್ಕೆ ಹಣ ಹಾಕಿದವರ ಕಡೆಯಿಂದ ತಪಾಸಣೆಗೆ ಬರುವವರು. ಹಿಂದಿನವರು ಹಾಳೆ ನೋಡಿ, ಸಮೋಸಾ ತಿಂದು ಹೋಗುತ್ತಿದ್ದರು. ಈ ಸಲ ಬಂದಾಕೆ ಹೊಸಬಳು. ಬೀರು ತೆಗೆಸಿ, ಕಾಪಿಟ್ಟಿದ್ದ ಡಬ್ಬಿಗಳನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಸುರಿದಳು. ಹಾಳೆಯಲ್ಲಿ ಅಧ್ಯಯನದ ಮಾತ್ರೆ ಏಳು ಉಳಿದಿವೆ ಎಂದಿದೆ, ಕಾಗದದ ಮೇಲೆ ಏಳು ನೀಲಿ ಮಾತ್ರೆ. ಮುಂದಿನ ಡಬ್ಬಿಯಲ್ಲೂ ಅದೇ ಕಥೆ. ಇದೇನು ಎಂದು ಸರ್ ಅವರನ್ನು ಕೇಳಿದಳು. ಇದು ಯಾವ ಲಿಪಿ, ಏನು ಬರೆದಿದೆ ಎಂದೂ ಕೇಳಿದಳು. ಸರ್ ಹಾಳೆ ಕೈಗೆ ತೆಗೆದುಕೊಂಡರು. ಅವರ ಕಣ್ಣು ಆ ಎರಡು ಸಾಲಿನ ಮೇಲೆ ಹೋಗಿ ಬಂದದ್ದನ್ನು ನಾನು ನೋಡಿದೆ. ಓದಿದರು. ಓದಿ ಕೆಳಗಿಟ್ಟು, ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದರು: ಈ ಹುಡುಗಿಗೆ ತನ್ನ ಭಾಷೆಯಲ್ಲಿ ಏನಾದರೂ ಗೀಚುವ ಅಭ್ಯಾಸವಿದೆ. ಅಂಕಿಗಳನ್ನು ತುಂಬಿದವಳು ಅವಳೇ. ನಮ್ಮ ಕಡೆಯವಳು ಎಂದು ನಂಬಿದ್ದೆ, ನನ್ನದೇ ತಪ್ಪು.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಆ ಮೇಕೆಗೆ ಅವತ್ತು ಬಾಯಿ ಬರಲಿಲ್ಲ.

ಕಾರಿಡಾರಿನಲ್ಲಿ ಅವರು ನನ್ನ ಪಕ್ಕದಲ್ಲೇ ನಡೆದು ಬಂದು ಮತ್ತೆ ಕನ್ನಡಕ್ಕೆ ತಿರುಗಿದರು. ದನಿ ಒಬ್ಬಟ್ಟಿನ ಮೇಲಿನ ತುಪ್ಪದಷ್ಟು ಮೆತ್ತಗಿತ್ತು.

“ಬೇಜಾರ್ ಮಾಡ್ಕೋಬೇಡಮ್ಮ. ನಿನಗಿನ್ನೂ ವಯಸ್ಸಿದೆ, ಇನ್ನೊಂದು ಕಡೆ ಕೆಲಸ ಸಿಗುತ್ತೆ. ನನಗೆ ಈ ವಯಸ್ಸಲ್ಲಿ ಹೆಸರು ಹೋದರೆ ಮತ್ತೆ ಬರಲ್ಲ.”

ಇನ್ನೊಂದು ಕಡೆ ಕೆಲಸ ಸಿಗುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಈ ಕೆಲಸದಲ್ಲಿ ಇಲ್ಲದ ಅಂಕಿ ಸೃಷ್ಟಿಸಿದವಳು ಎಂಬ ಮಾತು ಒಮ್ಮೆ ಅಂಟಿದರೆ ಮುಗಿಯಿತು, ದಿಲ್ಲಿಯಲ್ಲಷ್ಟೇ ಅಲ್ಲ, ದೇಶದಲ್ಲೇ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾರನೆಯ ದಿನ ಬಂದ ಈಮೇಲಿನಲ್ಲಿ ಅದೇ ಮಾತಿತ್ತು. ಎಥಿಕ್ಸ್ ಕಮಿಟಿ ವಿಚಾರಣೆ ನಡೆಸುವವರೆಗೆ ಆಸ್ಪತ್ರೆಗೆ ಬರಬೇಡ ಎಂದೂ ಇತ್ತು.

ಕೋಣೆಯಲ್ಲಿ ಒಬ್ಬಳೇ ಇರಲಾಗದೆ ದಿಲ್ಲಿಯ ಮುಖರ್ಜಿ ನಗರದಲ್ಲಿದ್ದ ಗೆಳತಿಯ ಹಾಸ್ಟೆಲಿಗೆ ಹೋದೆ. ಹಾವೇರಿಯವಳು, ಸರ್ಕಾರಿ ಪರೀಕ್ಷೆಗೆ ನಾಲ್ಕನೇ ಸಲ ಓದುತ್ತಿದ್ದಳು. ಎಲ್ಲ ಕೇಳಿ ಒಂದೇ ನಿಮಿಷದಲ್ಲಿ ದಾರಿ ಹೇಳಿದಳು. ಆ ಎರಡು ಸಾಲಿನ ಅನುವಾದ ಬರೆದು ಇವತ್ತೇ ಕಮಿಟಿಗೆ ಕಳಿಸು, ಬೇಕಾದರೆ ಅವರು ಬೇರೆ ಯಾರಿಂದಲಾದರೂ ಓದಿಸಿಕೊಳ್ಳಲಿ, ವಾರದೊಳಗೆ ನೀನು ಬಿಡುಗಡೆ. ಸರಿಯಾದ ಸಲಹೆ. ನಾನು ಕಳಿಸಲಿಲ್ಲ. ಹಾಗೆ ಕಳಿಸಿದ್ದರೆ ಸರ್, ಅಯ್ಯೋ, ನನ್ನ ಮಾತು ಅವಳಿಗೆ ತಪ್ಪಾಗಿ ಅರ್ಥವಾಗಿದೆ, ಗದ್ದಲದಲ್ಲಿ ಏನೋ ಹೇಳಿರಬೇಕು ಎಂದು ಜಾರಿಕೊಳ್ಳುತ್ತಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬರುತ್ತಿದ್ದರು. ನನಗೆ ಬರೀ ಬಿಡುಗಡೆ ಬೇಕಿರಲಿಲ್ಲ. ಅವರು ಬೀಳಬೇಕಿತ್ತು, ನಾನು ನೋಡುತ್ತಿರುವಾಗ ಬೀಳಬೇಕಿತ್ತು. ವಿಚಾರಣೆಗೆ ಕಾಯುತ್ತ ಕಳೆದ ಎರಡು ತಿಂಗಳು ನಾನು ಅನ್ನ ತಿಂದೆನೋ ಇದನ್ನೇ ತಿಂದೆನೋ ಗೊತ್ತಿಲ್ಲ.

ಅಮ್ಮ ಫೋನಿನಲ್ಲಿ ತಾಳಿದವನು ಬಾಳಿಯಾನು, ಅವರನ್ನು ಕ್ಷಮಿಸಿಬಿಡು ಎಂದಳು, ಆಗಲಿ ಎಂದೆ. ನಾನು ತಾಳಿಯೇ ಇದ್ದೆ, ಅವಳು ಅಂದುಕೊಂಡ ಕಾರಣಕ್ಕಲ್ಲ. ಕಲಬುರಗಿಯ ಮೇಡಂ ಮನೆಗೆ ಆ ಎರಡು ತಿಂಗಳು ಕಾಲಿಡಲಿಲ್ಲ, ಫೋನೂ ಮಾಡಲಿಲ್ಲ. ನಾಳೆ ಯಾರೂ ಇವಳು ಮೊದಲೇ ಹೋಗಿ ಕಿವಿ ಊದಿ ಬಂದಿದ್ದಾಳೆ ಎನ್ನಬಾರದು. ವಿಚಾರಣೆಗೆ ನಾಲ್ಕು ದಿನ ಇರುವಾಗ ಸರ್ ಅವರೇ ಫೋನ್ ಮಾಡಿದರು. ಎಣಿಸುವಾಗ ತಪ್ಪಾಯಿತು ಎಂದು ಒಪ್ಪಿಕೊಂಡುಬಿಡು, ದೊಡ್ಡದು ಮಾಡುವುದು ಬೇಡ ಎಂದು ನಾನೇ ಕಮಿಟಿಗೆ ಹೇಳುತ್ತೇನೆ, ಒಂದು ಒಳ್ಳೆಯ ಪತ್ರವನ್ನೂ ಕೊಡುತ್ತೇನೆ, ನನ್ನ ಮೇಲೆ ಕೋಪವಿದ್ದರೆ ಕ್ಷಮಿಸಿಬಿಡು ಎಂದರು. ಆಗಲಿ ಸರ್ ಎಂದೆ. ಬಹಳ ವಿನಯದಿಂದ ಎಂದೆ. ಎದುರು ಕೂತಿದ್ದ ಗೆಳತಿ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಏಳೆಂಟು ಮಂದಿ ಇದ್ದರು. ಮೇಡಂ ಕಿಟಕಿಯ ಕಡೆ ಕೂತಿದ್ದರು, ನನ್ನನ್ನು ಗುರುತಿಸಿದ ಹಾಗೆ ಮುಖ ಮಾಡಲಿಲ್ಲ. ಅಧ್ಯಕ್ಷರು ನೀನೇನು ಹೇಳುತ್ತೀಯ ಎಂದು ಕೇಳಿದರು. ನಾನು ಹೇಳಬೇಕಾದದ್ದೆಲ್ಲ ಕಾರಣದ ಜಾಗದಲ್ಲೇ ಬರೆದಿದ್ದೇನೆ, ಕನ್ನಡದಲ್ಲಿದೆ, ದಾಖಲೆಯಲ್ಲಿ ಕನ್ನಡ ಬರೆದದ್ದು ನನ್ನ ತಪ್ಪು ಎಂದು ಹಿಂದಿಯಲ್ಲಿ ಹೇಳಿದೆ. ಆಮೇಲೆ ಸರ್ ಕಡೆ ತಿರುಗಿ, ಸರ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ, ಅವರೇ ಓದಿ ಎಲ್ಲರಿಗೂ ಹೇಳಲಿ ಎಂದೆ. ಹೇಳಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟೆ, ತಾಂಬೂಲ ಕೊಟ್ಟ ಹಾಗೆ.

ಅವರ ಮುಖದಲ್ಲಿ ನೆಮ್ಮದಿ ಮೂಡಿತು. ಫೋನಿನಲ್ಲಿ ಆಡಿದ ಮಾತಿಗೆ ತಕ್ಕಂತೆ ಹುಡುಗಿ ತಾನೇ ದಾರಿ ಮಾಡಿಕೊಡುತ್ತಿದ್ದಾಳೆ ಎಂದುಕೊಂಡರು. ಕನ್ನಡಕ ಹಾಕಿಕೊಂಡರು, ಓದಿದರು, ಕನ್ನಡಕ ತೆಗೆದರು. ‘ಇನ್ನೊಮ್ಮೆ ಎಣಿಸಿ ನೋಡಿದೆ, ಸರಿಯಿದೆ’ ಎಂದು ಬರೆದಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪಾಪ, ಗೊತ್ತಾಗದೆ ಮಾಡಿದ್ದಾಳೆ, ಕಠಿಣ ಶಿಕ್ಷೆ ಬೇಡ ಎಂದೂ ಸೇರಿಸಿದರು.

ಅಧ್ಯಕ್ಷರು ಇದು ಸರಿಯೇ ಎಂದು ನನ್ನನ್ನು ಕೇಳಿದರು. ಸರ್ ಓದಿದ್ದಾರಲ್ಲ ಎಂದಷ್ಟೇ ಹೇಳಿದೆ. ಮೇಡಂ ಮಾತಾಡದೆ ಕೂತುಬಿಟ್ಟರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಧ್ಯಕ್ಷರು ಪೆನ್ನು ತೆಗೆದರು. ಆಗ ಮೇಡಂ ಕೈ ಚಾಚಿ, ಆ ಹಾಳೆ ಇತ್ತ ಕೊಡಿ ಎಂದು ಹಿಂದಿಯಲ್ಲಿ ಕೇಳಿದರು. ಸರ್ ನಗುತ್ತಲೇ ಕೊಟ್ಟರು.

ಮೇಡಂ ದುಪಟ್ಟಾ ಸರಿಮಾಡಿಕೊಂಡು, ಶಾಲೆಯ ಹುಡುಗಿ ಪಾಠ ಓದುವಂತೆ, ಬಿಡಿಬಿಡಿಯಾಗಿ ಗಟ್ಟಿಯಾಗಿ ಓದಿದರು. “ಇವು ನಮ್ಮ ಮಾತ್ರೆ ಅಲ್ಲ. ಸರ್ ಎಣಿಸು ಅಂದರು, ಎಣಿಸಿದೆ.” ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಮುಂದಿನ ಹಾಳೆ ತಿರುಗಿಸಿ ಅದನ್ನೂ ಓದಿದರು. ಅದರ ಮುಂದಿನದನ್ನೂ ಓದಿದರು. ನಾಲ್ಕನೆಯದಕ್ಕೆ ಅಧ್ಯಕ್ಷರು ಸಾಕು ಎಂದರು. ಪ್ರತಿ ಹಾಳೆಯಲ್ಲೂ ಆ ಸಾಲಿನ ಕೆಳಗೆ ಸರ್ ಸಹಿ ಇತ್ತು.

ಎರಡು ವರ್ಷ ನನ್ನ ಕೆಲಸ ಹೆಂಗಸರ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಎಷ್ಟಿದೆ ಎಂದು ಅಂದಾಜು ಮಾಡುವುದು. ಅವತ್ತು ಸರ್ ರೆಪ್ಪೆಯನ್ನು ಎಳೆದು ನೋಡುವ ಆಸೆಯಾಯಿತು. ಅಷ್ಟು ಬಿಳಿಚಿದ ಮುಖವನ್ನು ನಾನು ರೋಗಿಗಳಲ್ಲೂ ಕಂಡಿರಲಿಲ್ಲ. ನನಗೆ ಸಂತೋಷವಾಯಿತು. ಬೇರೆ ಹೆಸರು ಕೊಟ್ಟು ಅದನ್ನು ನ್ಯಾಯ ಎಂದು ಕರೆಯುವುದಿಲ್ಲ, ಹೊಟ್ಟೆಯ ಒಳಗಿನಿಂದ ಬಂದ ಶುದ್ಧ ಸಂತೋಷ ಅದು.

ಹೊರಗೆ ಮೆಟ್ಟಿಲ ಹತ್ತಿರ ಮೇಡಂ ನನಗಾಗಿ ನಿಂತಿದ್ದರು. ಕಾಲಿಗೆ ಬೀಳಬೇಕು ಅನ್ನಿಸಿ ಹತ್ತಿರ ಹೋದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ನನಗ ಓದ್ಲಿಕ್ಕ ಬರ್ತದಂತ ನಿನಗ ಗೊತ್ತಿತ್ತು.”

ಗೊತ್ತಿತ್ತು ಮೇಡಂ ಎಂದೆ.

“ಗೊತ್ತಿದ್ದೂ ಅವರನ್ನ ಸುಳ್ಳು ಹೇಳ್ಲಿಕ್ಕ ಬಿಟ್ಟಿ.”

ಬಿಟ್ಟೆ ಮೇಡಂ ಎಂದೆ. ನಿನ್ನ ಕಡೆ ಸತ್ಯವಿತ್ತು, ಅದನ್ನು ಮೊದಲ ದಿನವೇ ಹೇಳಿದ್ದರೆ ಸಾಕಿತ್ತು, ನನ್ನನ್ನು ಬಲೆಯ ಹಗ್ಗ ಮಾಡಿಕೊಂಡೆ ಎಂದರು. ಇನ್ನು ಮನೆಗೆ ಚಹಾಕ್ಕೆ ಬರಬ್ಯಾಡ ಎಂದು ಹೇಳಿ ರೇಲಿಂಗು ಹಿಡಿದು ನಿಧಾನವಾಗಿ ಇಳಿದು ಹೋದರು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನಾನು ಆಮೇಲೆ ಅವರ ಮನೆಗೆ ಹೋಗಿಲ್ಲ. ಆ ಚಹಾ ಈಗಲೂ ನೆನಪಾಗುತ್ತದೆ, ಶುಂಠಿ ಜಾಸ್ತಿ ಹಾಕುತ್ತಿದ್ದರು.

ಅಧ್ಯಯನವನ್ನು ಸರ್ ಕೈಯಿಂದ ತೆಗೆದು ಬೇರೊಬ್ಬರಿಗೆ ಕೊಟ್ಟರು. ಭಾಷಣಗಳು ನಿಂತವು. ಬೀರುವಿನ ಡಬ್ಬಿಗಳನ್ನೆಲ್ಲ ಮತ್ತೆ ಎಣಿಸಿದರು, ಕಂದು ಬೇರೆ, ನೀಲಿ ಬೇರೆ, ಕೆಂಪು ಬೇರೆ. ಆ ಹತ್ತೊಂಬತ್ತು ಹೆಂಗಸರು ತಮ್ಮ ಮಾತ್ರೆಗಳನ್ನು ಕೊನೆಯದರವರೆಗೂ ನುಂಗಿದ್ದರು ಎಂದು ದಾಖಲೆಯಾಯಿತು. ಅವರನ್ನು ಯಾರೋ ಸುಳ್ಳಿಯರು ಎಂದಿದ್ದರು ಎಂಬುದೇ ಅವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನನ್ನ ಮೇಲಿನ ಆರೋಪ ತೆಗೆದಿದೆ ಎಂದು ಒಂದೇ ಸಾಲಿನ ಪತ್ರ ಬಂತು. ವಾಪಸ್ ಬಾ ಎಂದರು, ಹೋಗಲಿಲ್ಲ. ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಕೆಲಸ ಹಿಡಿದೆ.

ಕೋಣೆ ಖಾಲಿ ಮಾಡುವಾಗ ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿ ಕೈಗೆ ಬಂತು. ಆ ವಾರವೇ ಅಮ್ಮ ಕಳಿಸಿದ್ದ ಶೇಂಗಾ ಉಂಡೆ ಪಕ್ಕದಲ್ಲೇ ಇದ್ದವು, ಎರಡು ಹಾಕಿದ್ದರೂ ಆಗುತ್ತಿತ್ತು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕು ಎನ್ನುತ್ತಾಳೆ ಅಮ್ಮ. ಡಬ್ಬಿ ಕಳಿಸಿದ ಆ ಹೆಂಗಸು ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ, ಅದೂ ನನಗೆ ಗೊತ್ತಿತ್ತು. ತೊಳೆದೆ. ಒಳಗೆ ಒಂದು ಹನಿ ನೀರೂ ಉಳಿಯದಂತೆ ಬಟ್ಟೆಯಿಂದ ಒರೆಸಿದೆ.

ಭಾನುವಾರ ಬೆಳಿಗ್ಗೆ ಅವರ ಸೆಕ್ಟರಿಗೆ ಹೋಗಿ ಗಂಟೆ ಒತ್ತಿದೆ. ಸರ್ ಅವರೇ ಬಾಗಿಲು ತೆಗೆದರು. ಬನಿಯನ್ನು, ಲುಂಗಿ, ನಾಲ್ಕು ದಿನದ ಗಡ್ಡ. ನಿಮ್ಮ ಮನೆಯವರ ಡಬ್ಬಿ ಸರ್ ಎಂದು ಚಾಚಿದೆ. ತೆಗೆದುಕೊಂಡರು. ಕೈಗೆ ಹಗುರ ಅನ್ನಿಸಿರಬೇಕು, ಮುಚ್ಚಳ ತೆಗೆದು ನೋಡಿದರು. ಆ ಖಾಲಿ ಡಬ್ಬಿಯಿಂದ ನಾನು ಏನು ಹೇಳುತ್ತಿದ್ದೇನೆ ಎಂದು ಅವರಿಗೆ ಬಿಡಿಸಿ ಹೇಳಬೇಕಾದ ಅಗತ್ಯ ಇರಲಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

“ಯಾರ್ರೀ ಅದು? ನಿಮ್ಮೂರ ಹುಡುಗೀನಾ?” ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ಡಬ್ಬೀಲಿ ಏನು ತಂದಿದಾಳೆ?”

ನಾನು ಹೊರಡಬಹುದಿತ್ತು. ಹೊರಡಲಿಲ್ಲ, ಉತ್ತರ ಕೇಳುವವರೆಗೆ ಹೊಸ್ತಿಲಲ್ಲೇ ನಿಂತೆ. ಅವರು ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಡಬ್ಬಿ ಹಿಡಿದು ಅದರ ತಳವನ್ನೇ ನೋಡುತ್ತಿದ್ದರು.

“ಏನೂ ಇಲ್ಲ ಕಣೇ,” ಎಂದರು.

ಈ ಸಲ ಸರಿಯಾಗಿ ಓದಿ ಹೇಳಿದರು.